ಬ್ಯಾಂಡಿನ ಬಯಲಿಗೆ ಒಯ್ದ ಮಡಿನೀರು

ಶಾಲೆಯ ಬ್ಯಾಂಡಿನ ಪಂದ್ಯ ನೋಡಲು ಹೋಗುವ ತಂದೆತಾಯಿಗಳಿಗೆ ಅಲ್ಲಿ ಏನೂ ಕೆಲಸವಿರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು. ಒಂದು ಹಗ್ಗ ಕಟ್ಟಿರುತ್ತಾರೆ. ಹಗ್ಗದ ಈಚೆ ನೀವು, ಆಚೆ ನಿಮ್ಮ ಮಗು. ಬೆಳಿಗ್ಗೆ ನಿಮ್ಮ ಕೈಯಾರೆ ತಲೆ ಬಾಚಿ ಕಳಿಸಿದ ಕೂಸು, ಒಂದೇ ಬಣ್ಣದ ಅಂಗಿ ತೊಟ್ಟ ಅಷ್ಟು ಮಕ್ಕಳ ನಡುವೆ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಸಿಕ್ಕ ಮೇಲೂ ಅದು ನಿಮ್ಮ ಕಡೆ ನೋಡುವುದಿಲ್ಲ, ನೋಡಬಾರದೆಂದು ಕಲಿಸಿರುತ್ತಾರೆ. ಹೊತ್ತಿಗೆ ಸರಿಯಾಗಿ ಏನೂ ಶುರುವಾಗುವುದಿಲ್ಲ, ಏಕೆಂದರೆ ಬಹುಮಾನ ಕೊಡುವ ದೊಡ್ಡವರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ನನ್ನ ಮೊಮ್ಮಗಳ ಶಾಲೆಯಲ್ಲಿ ಈಗಲೂ ಇದೇ ಕಥೆ. ನಾನು ಆ ಬಯಲಿಗೆ ಹೋಗುವುದಿಲ್ಲ. ಅಜ್ಜಿಗೆ ಗದ್ದಲ ಆಗಿಬರುವುದಿಲ್ಲ ಎಂದು ಮನೆಯವರು ಮೊಮ್ಮಗಳಿಗೆ ಹೇಳುತ್ತಾರೆ. ಗದ್ದಲಕ್ಕೆ ನಾನೆಂದೂ ಹೆದರಿದವಳಲ್ಲ.

ನಾನು ಹೇಳುವುದು ನಲವತ್ತರ ದಶಕದ ಮಾತು. ಎಲ್ಲೋ ದೂರದಲ್ಲಿ ಯುದ್ಧ ನಡೆದಿತ್ತು, ಅದರ ಬಿಸಿ ನಮಗೆ ಬಟ್ಟೆ ಮತ್ತು ಸೀಮೆಎಣ್ಣೆಯ ಲೆಕ್ಕದಲ್ಲಿ ತಟ್ಟುತ್ತಿತ್ತು. ನಾವಿದ್ದದ್ದು ಮಾನ್ವಿಯಲ್ಲಿ. ಅಜ್ಜ ಗುಡಿಯ ಪೂಜೆ ಮಾಡುತ್ತಿದ್ದರು. ಅಪ್ಪ ಊರಿನ ಶಾಲೆಯಲ್ಲಿ ಮಾಸ್ತರು. ಅಣ್ಣ ಅದೇ ಶಾಲೆಯಲ್ಲಿ ಓದುತ್ತಿದ್ದ, ಆಗಷ್ಟೇ ಅವನ ಮುಂಜಿವೆಯಾಗಿತ್ತು. ನಾನು ಇನ್ನೂ ಅವ್ವನ ಸೆರಗು ಹಿಡಿದು ಓಡಾಡುವ ವಯಸ್ಸಿನವಳು. ಮನೆಯಲ್ಲಿ ಎಲ್ಲವೂ ಅಜ್ಜನ ಮಡಿಯ ಸುತ್ತ ತಿರುಗುತ್ತಿತ್ತು. ಯಾವ ನೀರು ಯಾರು ತಂದರು, ಯಾವ ಪಾತ್ರೆ ಯಾರು ಮುಟ್ಟಿದರು ಎನ್ನುವುದು ನಮಗೆ ಹಸಿವು ನಿದ್ದೆಗಳಷ್ಟೇ ಸಹಜವಾದ ವಿಷಯವಾಗಿತ್ತು.

ಒಂದು ದಿನ ಶಾಲೆಗೆ ರಾಯಚೂರಿನಿಂದ ಬ್ಯಾಂಡಿನ ಸಾಮಾನು ಬಂತು. ತುತ್ತೂರಿಗಳು, ಸಣ್ಣ ಡೋಲುಗಳು, ಒಂದು ದೊಡ್ಡ ಡೋಲು. ಜೊತೆಗೆ ಒಬ್ಬ ಡ್ರಿಲ್ ಮಾಸ್ತರೂ ಬಂದರು. ಹಿಂದೆ ಫೌಜಿನ ಬ್ಯಾಂಡಿನಲ್ಲಿ ಇದ್ದ ಮುಸಲ್ಮಾನರು, ನೆಟ್ಟಗೆ ನಿಲ್ಲುವವರು, ನಗದವರು. ವರ್ಷದ ಕೊನೆಗೆ ಜಿಲ್ಲೆಯ ಎಲ್ಲ ಶಾಲೆಗಳ ಬ್ಯಾಂಡಿನ ಪಂದ್ಯ ರಾಯಚೂರಲ್ಲಿ ಆಗುತ್ತದೆ ಎಂದು ಸುದ್ದಿಯಾಯಿತು. ಅಣ್ಣ ಅವತ್ತು ಸಂಜೆ ಊಟಕ್ಕೆ ಕುಳಿತಾಗ ತಾನೂ ಬ್ಯಾಂಡಿಗೆ ಸೇರುತ್ತೇನೆಂದ.

"ತುತ್ತೂರಿ ಊದೋದು ಬ್ಯಾಡ" ಎಂದರು ಅಜ್ಜ. "ಕಂಡ ಕಂಡವರೆಲ್ಲಾ ಬಾಯಿ ಹಚ್ಚಿದ್ದು ಅದು. ಎಂಜಲಾ."

"ಹಂಗಾರ ಡೋಲು ಬಾರಸ್ತೀನಿ, ಅಜ್ಜಾ."

"ಡೋಲು ಅಂದ್ರೇನು? ತೊಗಲು. ಮುಂಜಿವಿ ಆದ ಹುಡುಗ ಎದಿಗೆ ತೊಗಲ ಕಟಗೊಂಡು ಓಣ್ಯಾಗ ತಿರಗತಾನಂತ!"

ಅಣ್ಣ ಅನ್ನ ಬಿಟ್ಟು ಎದ್ದ. ಆ ವಾರವಿಡೀ ಅವನ ಮುಖ ನೋಡಲಾಗುತ್ತಿರಲಿಲ್ಲ. ಅಪ್ಪನಿಗೆ ಮಗ ಬ್ಯಾಂಡಿನಲ್ಲಿರಬೇಕೆಂಬ ಆಸೆ ಅಣ್ಣನಿಗಿಂತ ಒಂದು ಕೈ ಹೆಚ್ಚೇ ಇತ್ತು, ಆದರೆ ಅಜ್ಜನ ಎದುರಿಗೆ ಉಸಿರೆತ್ತುವ ಧೈರ್ಯವಿರಲಿಲ್ಲ. ದಾರಿ ಹುಡುಕಿದವರು ಡ್ರಿಲ್ ಮಾಸ್ತರು. ಅವರೇ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು, ಕಟ್ಟೆ ಹತ್ತದೆ ಕೆಳಗೇ ನಿಂತರು.

"ಆಚಾರ್ರ, ಇವನ ಕೈಯಾಗ ಕೋಲು ಕೊಡ್ತೀನ್ರಿ. ಬ್ಯಾಂಡಿನ ಮುಂದ ಕೋಲು ಹಿಡಕೊಂಡು ನಡಿಯಾಂವ ಒಬ್ಬ ಬೇಕು. ಬಾಯಿಗಿ ಹಚ್ಚೂದಿಲ್ಲ, ತೊಗಲ ಮುಟ್ಟೂದಿಲ್ಲ. ಕೋಲಂದ್ರ ಕಟಗಿ, ಮ್ಯಾಲ ಹಿತ್ತಾಳಿ ಗುಂಡು, ಅಷ್ಟ."

ಅಜ್ಜ ಬಹಳ ಹೊತ್ತು ಯೋಚಿಸಿದರು. ಕಟ್ಟಿಗೆ, ಹಿತ್ತಾಳೆ ಎರಡರಲ್ಲೂ ಅವರಿಗೆ ಮೈಲಿಗೆ ಕಾಣಲಿಲ್ಲ. ಕೊನೆಗೆ ಅಣ್ಣನನ್ನು ಕರೆದು ಜನಿವಾರ ಹಿಡಿಸಿದರು. "ಹೊರಗಿನ ನೀರು ಬಾಯಾಗ ಹಾಕೂದಿಲ್ಲ ಅಂತ ಹೇಳು." ಅಣ್ಣ ಹೇಳಿದ. ಕೋಲಿಗಾಗಿ ಅವನು ಏನು ಬೇಕಾದರೂ ಹೇಳುತ್ತಿದ್ದ.

ಹೀಗೆ ನಮ್ಮ ಮನೆಯ ಮಡಿಯಿಂದಾಗಿಯೇ ನಮ್ಮ ಅಣ್ಣ ಇಡೀ ಬ್ಯಾಂಡಿನ ಮುಂದೆ ನಿಲ್ಲುವವನಾದ. ಅಜ್ಜನಿಗೂ ಅಪ್ಪನಿಗೂ ಸಮಾಧಾನವಾಯಿತು. ಹಿಂದಿನ ಸಾಲಿನ ಹುಡುಗ ಬಳಲಿದರೆ ಡೋಲಿನ ಮರೆಗೆ ಕುಕ್ಕರಿಸಬಹುದು, ಮುಂದಿನವನಿಗೆ ಆ ಮರೆ ಇರುವುದಿಲ್ಲ ಎಂಬುದು ಅವತ್ತು ಯಾರಿಗೂ ಹೊಳೆಯಲಿಲ್ಲ.

ಆ ದಿನಗಳು ಚೆನ್ನಾಗಿದ್ದವು, ಸುಳ್ಳು ಯಾಕೆ ಹೇಳಲಿ. ಅಣ್ಣ ಹಿತ್ತಲಲ್ಲಿ ಒನಕೆ ಹಿಡಿದು ಹೆಜ್ಜೆ ಹಾಕುತ್ತಿದ್ದ. ಒನಕೆಯನ್ನು ಮೇಲೆಸೆದು ಹಿಡಿಯಲು ಹೋಗಿ ತುಳಸಿಕಟ್ಟೆಯ ಮೂಲೆ ಒಡೆದ. ಅದನ್ನು ಅಜ್ಜನಿಗೆ ಕಾಣದಂತೆ ನಾನೂ ಅವ್ವನೂ ಸೆಗಣಿ ಮೆತ್ತಿ ಮುಚ್ಚಿದೆವು. "ದಂಡನಾಯಕರ ಸವಾರಿ ಊಟಕ್ಕ ಬರಬೇಕ್ರಪಾ" ಎಂದು ಅವ್ವ ಕರೆಯುತ್ತಿದ್ದಳು. ಸಂಜೆ ನೀರಮಾನ್ವಿ ದಾರಿಯ ಬಯಲಲ್ಲಿ ಬ್ಯಾಂಡಿನ ತಾಲೀಮು. ಹುಣಸೆಹಣ್ಣು ಹಚ್ಚಿ ಕೋಲಿನ ಗುಂಡು ತಿಕ್ಕುವ ಕೆಲಸ ನನ್ನದು. ಚರ್ಮದ ನಡುಪಟ್ಟಿಯ ಬದಲು ಅವ್ವ ದಪ್ಪ ಬಟ್ಟೆಯ ಪಟ್ಟಿ ಹೊಲಿದುಕೊಟ್ಟಳು. ಡ್ರಿಲ್ ಮಾಸ್ತರು ಹುಡುಗರಿಗೆ ಒಂದು ಮಾತನ್ನು ದಿನಾ ಹೇಳುತ್ತಿದ್ದರಂತೆ, ಯಾರು ಬಿದ್ದರೂ ತಾಳ ತಪ್ಪಬಾರದು, ತಿರುಗಿ ನೋಡಬಾರದು ಎಂದು. ಅಣ್ಣ ಅದನ್ನು ಅವರದೇ ದನಿಯಲ್ಲಿ ಹೇಳಿ ನಮ್ಮನ್ನು ನಗಿಸುತ್ತಿದ್ದ.

ಪಂದ್ಯವಿದ್ದದ್ದು ಹೋಳಿಹುಣ್ಣಿಮೆ ಕಳೆದ ಮೇಲೆ. ಹೋಳಿ ಕಳೆದ ಮೇಲೆ ರಾಯಚೂರಿನ ಬಿಸಿಲು ಹೇಗಿರುತ್ತದೆ ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಪೆಟ್ರೋಲು ಸಿಗದ ಕಾಲ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ಹುಡುಗರು ಇಳಿದು ನೂಕಿದರು, ಕೋಲು ಹಿಡಿದವನೂ ನೂಕಿದ. ಅಪ್ಪ, ಅವ್ವ ಮತ್ತು ನಾನು ಅದೇ ಬಸ್ಸಿನಲ್ಲಿ ಹೋಗಿ ರಾಯಚೂರಿನ ಕೋಟೆಯ ಒಳಗಿದ್ದ ಸೋದರತ್ತೆಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಅತ್ತೆ ಮಡಿಯಲ್ಲಿ ಬಾವಿಯಿಂದ ಸೇದಿದ ನೀರನ್ನು ತಾಮ್ರದ ತಂಬಿಗೆಗೆ ತುಂಬಿ, ಬಾಯಿಗೆ ಒದ್ದೆಬಟ್ಟೆ ಕಟ್ಟಿಕೊಟ್ಟಳು. ಅಣ್ಣ ಹೊರಗಿನ ನೀರು ಮುಟ್ಟುವುದಿಲ್ಲವಲ್ಲ, ಅವನಿಗಾಗಿ ಆ ನೀರು. ಯಾರಿಗೂ ತಾಗದಂತೆ ಅದನ್ನು ಎದೆಯ ಎತ್ತರಕ್ಕೆ ಹಿಡಿದುಕೊಂಡೇ ಅಪ್ಪ ನಡೆದರು.

ಪಂದ್ಯ ಕೋಟೆಯ ಹೊರಗಿನ ಬಯಲಿನಲ್ಲಿ. ದೊಡ್ಡವರ ಕುರ್ಚಿಗಳಿಗೆ ಶಾಮಿಯಾನ ಹಾಕಿದ್ದರು. ಹುಡುಗರಿಗೆ ಬಯಲೇ ಗತಿ. ರಾಯಚೂರಿನ ಶಾಲೆಯವರು, ನಮ್ಮವರು, ದೇವದುರ್ಗದವರು, ಇನ್ನೂ ಬೇರೆ ಊರಿನವರು ಸಾಲುಸಾಲಾಗಿ ನಿಂತಿದ್ದರು. ಹೊರಗಿನವರು ಯಾರಾದರೂ ಹಗ್ಗ ದಾಟಿ ಒಳಗೆ ಬಂದರೆ, ಯಾರ ಸಾಲಿನ ಹತ್ತಿರ ಹೋದರೋ ಆ ಶಾಲೆ ಪಂದ್ಯದಿಂದ ಹೊರಗೆ ಎಂದು ಒಬ್ಬ ಪೊಲೀಸಿನವನು ಕೂಗಿ ಹೇಳಿದ. ಜಿಲ್ಲೆಯ ದೊಡ್ಡ ಸಾಹೇಬರು ಇನ್ನೇನು ಬಂದೇಬಿಟ್ಟರು ಎಂದೂ ಅವನೇ ಹೇಳಿದ.

ಸಾಹೇಬರು ಬರಲಿಲ್ಲ. ಬಿಸಿಲು ತಲೆಯ ಮೇಲೆ ಬಂತು. ಹುಡುಗರನ್ನು ನೆರಳಿಗೆ ಬಿಡುವಂತಿಲ್ಲ, ಯಾವ ಗಳಿಗೆಯಲ್ಲಿ ಮೋಟಾರು ಬರುವುದೋ ಏನೋ. ನಡುವೆ ಒಬ್ಬ ನೀರಿನವನು ಬಂದ, ಬೆನ್ನಿಗೆ ಆಡಿನ ತೊಗಲಿನ ಚೀಲ. ಸಾಲಿನ ಹುಡುಗರು ಬೊಗಸೆಯೊಡ್ಡಿ ಗಟಗಟ ಕುಡಿದರು. ನೀರಿನವನು ಅಣ್ಣನ ಮುಂದೆ ಬಂದು ನಿಂತ. ಅಣ್ಣ ಕೈ ಚಾಚಲಿಲ್ಲ, ಕತ್ತು ಕೂಡ ಅಲ್ಲಾಡಿಸಲಿಲ್ಲ. ನೀರಿನವನು ಮುಂದಿನ ಶಾಲೆಗೆ ಹೋದ. ಅಪ್ಪನ ಮುಖದಲ್ಲಿ ಆಗ ಮೂಡಿದ ಹೆಮ್ಮೆ ನನಗೆ ಚೆನ್ನಾಗಿ ನೆನಪಿದೆ.

ಅವ್ವ ಮಾತ್ರ ಚಡಪಡಿಸುತ್ತಿದ್ದಳು. "ತುಟಿ ಸವರಕೋಲಿಕ್ಕತ್ತಾನ ನೋಡ್ರಿ. ಹೋಗಿ ತಂಬಿಗಿ ಕೊಟ್ಟು ಬರ್ರಿ."

"ಹಗ್ಗ ದಾಟಿದ್ರ ಶಾಲೀನ ಹೊರಗ ಹಾಕ್ತಾರ. ಅಂವಾ ಜನ್ಮದಾಗ ನನ್ನ ಮಾರಿ ನೋಡೂದಿಲ್ಲ. ಸ್ವಲ್ಪ ತಡಿ."

ಹೆಡ್‌ಮಾಸ್ತರು ಶಾಮಿಯಾನದ ಕೆಳಗೆ ದೊಡ್ಡವರ ಹಿಂದೆ ಕುಳಿತಿದ್ದರು. ಅಪ್ಪ ದೂರದಿಂದ ತಂಬಿಗೆ ಎತ್ತಿ ತೋರಿಸಿದರು. ಅವರು ಕೈಯಾಡಿಸಿ, ಇರಲಿ, ಆಮೇಲೆ ಎಂದರು. ಅಪ್ಪ ತಂಬಿಗೆ ಇಳಿಸಿದರು.

ನಮ್ಮ ಪಕ್ಕದಲ್ಲೇ ಸ್ವಲ್ಪ ಅಂತರ ಬಿಟ್ಟು ಒಬ್ಬ ಹೆಂಗಸು ನಿಂತಿದ್ದಳು. ದೇವದುರ್ಗದ ಕಡೆಯವಳು, ರಾಯಚೂರಿನ ಹತ್ತಿಯ ಗಿರಣಿಗೆ ಕೂಲಿಗೆ ಬಂದವಳು. ಕೆಲಸದಿಂದ ನೇರ ಬಂದಿದ್ದಳೆಂದು ಕಾಣುತ್ತದೆ, ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿದ್ದವು. ಕೈಯಲ್ಲಿ ಮಣ್ಣಿನ ಒಂದು ಮಗಿ. ಅವಳ ಮಗ ದೇವದುರ್ಗದ ಬ್ಯಾಂಡಿನಲ್ಲಿ ದೊಡ್ಡ ಡೋಲು ಹೊತ್ತವನು. ಹಲಗೆ ಬಾರಿಸುವ ಮನೆತನ, ನಾವು ಮುಟ್ಟದ ಜನ. ಅವಳೂ ನಮ್ಮಷ್ಟೇ ಹೊತ್ತು ಬಿಸಿಲಲ್ಲಿ ಮಗನನ್ನು ನೋಡುತ್ತ ನಿಂತಿದ್ದಳು. ಆ ಹುಡುಗ ಒಮ್ಮೆ ಡೋಲಿನ ಭಾರಕ್ಕೆ ತೂಗಾಡಿದ್ದೇ ತಡ, ಅವಳು ಬಗ್ಗಿ ಹಗ್ಗದ ಕೆಳಗೆ ನುಸುಳಿ ಓಡಿದಳು.

ಬಯಲಿಡೀ ನಕ್ಕಿತು. ಅವಳು ಮಗನ ಗದ್ದ ಹಿಡಿದು ಮಗಿಯ ನೀರು ಬಾಯಿಗೆ ಸುರಿದಳು. ಅವನು ನಾಚಿಕೆಯಿಂದ ಅವಳನ್ನು ನೂಕುತ್ತಲೇ ನೀರು ನುಂಗಿದ. ಸೀಟಿ ಊದಿದರು. ದೇವದುರ್ಗದ ಶಾಲೆ ಅಲ್ಲಿಗೆ ಮುಗಿಯಿತು. ಹುಡುಗರೆಲ್ಲ ಹಗ್ಗದ ಬಳಿ ಬಂದು ಕುಳಿತರು, ಡೋಲಿನವನು ಅಳುತ್ತಿದ್ದ.

"ಇಂಥಾ ಮಂದಿಗೆ ಶಿಸ್ತು ಅಂದ್ರೇನು ಗೊತ್ತು" ಎಂದು ಅಪ್ಪನೂ ನಕ್ಕರು.

ಪೊಲೀಸಿನವನು ಅವಳ ರಟ್ಟೆ ಹಿಡಿದು ತಂದು ಹಗ್ಗದ ಈಚೆಗೆ ದಬ್ಬಿದ. ಅವಳು ಮುಗ್ಗರಿಸಿ ಅಪ್ಪನ ಮೇಲೆಯೇ ಬಂದಳು. ಅವಳ ಕೈ ತಂಬಿಗೆಗೆ ತಾಗಿತು. "ತಪ್ಪಾತ್ರಿ ಯಪ್ಪಾ" ಎಂದು ಹೆದರಿ ದೂರ ಸರಿದಳು. ಅಪ್ಪ ತಂಬಿಗೆಯ ಬಟ್ಟೆ ಬಿಚ್ಚಿ, ನೀರನ್ನೆಲ್ಲ ನೆಲಕ್ಕೆ ಸುರಿದರು. ಅವ್ವ ಬೇಡವೆನ್ನಲಿಲ್ಲ. ನನಗೂ ಅದು ವಿಚಿತ್ರವೆನಿಸಲಿಲ್ಲ. ಮೈಲಿಗೆಯಾದ ನೀರನ್ನು ಚೆಲ್ಲುತ್ತಾರೆ, ಅಷ್ಟೇ. ಕೆಂಪುಮಣ್ಣು ಅದನ್ನು ಕಣ್ಣೆದುರಿಗೇ ಕುಡಿದುಬಿಟ್ಟಿತು.

"ಅಕ್ಕನ ಮನಿಗೆ ಹೋಗಿ ಬ್ಯಾರೆ ನೀರು ತಂದೆ. ಇಲ್ಲೇ ಇರ್ರಿ" ಎಂದು ಅಪ್ಪ ಕೋಟೆಯ ಬಾಗಿಲ ಕಡೆಗೆ ದಾಪುಗಾಲು ಹಾಕಿದರು. ಕೋಟೆಯ ಬಾಗಿಲು ನಾವು ನಿಂತಲ್ಲಿಂದಲೇ ಕಾಣುತ್ತಿತ್ತು. ಹೋಗಿ ಬರಲು ಬಹಳ ಹೊತ್ತು ಬೇಕಿರಲಿಲ್ಲ.

ಅಪ್ಪ ಮರೆಯಾದ ಸ್ವಲ್ಪ ಹೊತ್ತಿಗೆ ಸಾಹೇಬರ ಮೋಟಾರು ಬಂತು. ಎಲ್ಲರೂ ಎದ್ದು ನಿಂತರು. ಮೊದಲು ರಾಯಚೂರಿನವರು ನಡೆದರು, ಆಮೇಲೆ ನಮ್ಮವರು. ಅಣ್ಣ ಕೋಲು ಎತ್ತಿದ, ಬಯಲು ತುಂಬ ಡೋಲಿನ ಸದ್ದೆದ್ದಿತು. ಎಷ್ಟು ಚೆಂದ ನಡೆದ ನಮ್ಮಣ್ಣ! ಕೋಲನ್ನು ಮೇಲಕ್ಕೆ ಎಸೆದು, ನೋಡದೆಯೇ ಹಿಡಿದ. ನಾನು ತಿಕ್ಕಿದ ಗುಂಡು ಬಿಸಿಲಿಗೆ ಫಳಫಳ ಹೊಳೆಯಿತು. ನಾನು ಕುಣಿದೆ, ಚಪ್ಪಾಳೆ ತಟ್ಟಿದೆ. ಜೀವಮಾನದಲ್ಲಿ ನನಗೆ ಅಷ್ಟು ಖುಷಿಯಾದದ್ದು ಕಡಿಮೆ. ಅವನು ನಮ್ಮ ಮುಂದೆ ಹಾದುಹೋಗುವಾಗ ಅವ್ವ ನನ್ನ ಭುಜ ಗಟ್ಟಿಯಾಗಿ ಹಿಡಿದಳು.

"ಅವಗ ಬೆವರು ಬರಲಿಕ್ಕತ್ತಿಲ್ಲ" ಎಂದಳು. "ಎಲ್ಲಾರೂ ತೊಯ್ದು ತಪ್ಪಡಿ ಆಗ್ಯಾರ. ಇವನ ಮಾರಿ ಒಣಗೇದ."

ಬ್ಯಾಂಡು ತಿರುಗಿ ಶಾಮಿಯಾನದ ಎದುರಿಗೆ ಬಂತು. ಸಾಹೇಬರಿಗೆ ಸಲಾಮು ಮಾಡಲು ಅಣ್ಣ ಕೋಲನ್ನು ಅಡ್ಡ ಹಿಡಿಯಬೇಕಿತ್ತು. ಕೋಲು ಕೈಯಿಂದ ಜಾರಿತು. ಅವನು ಅದನ್ನು ಎತ್ತಿಕೊಳ್ಳಲು ಬಗ್ಗಿದ ಎಂದೇ ನಾನು ತಿಳಿದೆ. ಅವನು ಏಳಲಿಲ್ಲ.

ಡೋಲುಗಳು ನಿಲ್ಲಲಿಲ್ಲ. ಯಾರು ಬಿದ್ದರೂ ತಾಳ ತಪ್ಪಬಾರದೆಂದು ಕಲಿತ ಹುಡುಗರು ಅಣ್ಣನ ಎರಡೂ ಬದಿಯಿಂದ ಹಾದು, ತಿರುಗಿ ನೋಡದೆ, ಬಾರಿಸುತ್ತ ಮುಂದೆ ಹೋದರು. ಶಾಮಿಯಾನದಲ್ಲಿ ಕೆಲವರು ಅದನ್ನು ಮೆಚ್ಚಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತಟ್ಟಿದವರ ಕೈ ಸೇದಿಹೋಗಲಿ ಎಂದು ನಾನು ಎಷ್ಟೋ ವರ್ಷ ಬೈದುಕೊಂಡಿದ್ದೇನೆ. ಈಗಲೂ ಆ ಮಾತು ವಾಪಸು ತೆಗೆದುಕೊಳ್ಳುವ ಮನಸ್ಸಿಲ್ಲ.

ಅವ್ವ ಹಗ್ಗ ದಾಟಿ ಓಡಿದಳು, ಅವಳ ಸೆರಗು ಹಿಡಿದು ನಾನೂ ಓಡಿದೆ. ಡ್ರಿಲ್ ಮಾಸ್ತರು ನಮಗಿಂತ ಮೊದಲೇ ಅಲ್ಲಿದ್ದರು. ಅಣ್ಣನನ್ನು ಎತ್ತಿ ಹಗ್ಗದ ಹತ್ತಿರಕ್ಕೆ ತಂದು ಮಲಗಿಸಿದರು. ಹತ್ತಿರದಲ್ಲೆಲ್ಲೂ ನೆರಳಿರಲಿಲ್ಲ. ಆಗ ಆ ದೇವದುರ್ಗದ ಹುಡುಗ, ಅಳುತ್ತಿದ್ದವನು, ಎದ್ದು ಬಂದು ತನ್ನ ದೊಡ್ಡ ಡೋಲನ್ನು ಅಣ್ಣನ ಮುಖಕ್ಕೆ ನೆರಳಾಗಿ ಎತ್ತಿ ಹಿಡಿದ. "ನೀರು, ನೀರು" ಎಂದು ಎಲ್ಲರೂ ಕೂಗುತ್ತಿದ್ದರು. ತೊಗಲಿನ ಚೀಲದವನು ಎಲ್ಲಿದ್ದನೋ. ಅವ್ವನ ಕೈ ಬರಿದಾಗಿತ್ತು.

ಆ ಡೋಲಿನ ಹುಡುಗನ ತಾಯಿ ಮಗಿ ಹಿಡಿದು ಬಂದಳು. ಬಂದವಳು ಒಂದು ಮಾರು ದೂರದಲ್ಲೇ ನಿಂತಳು.

"ಅವ್ವಾರ, ನನ್ನ ಮಗ್ಯಾಗ ಇನ್ನಾ ನೀರದಾವ್ರಿ. ಹಾಕಲೇನ್ರಿ?"

ಅವ್ವ ತಲೆಯೆತ್ತಿ ಕೋಟೆಯ ಬಾಗಿಲ ಕಡೆ ನೋಡಿದಳು. ಅಪ್ಪ ಬರುತ್ತಿರುವುದು ಕಾಣಲಿಲ್ಲ.

"ಹಾಕವಾ" ಎಂದಳು. "ಕೇಳಬ್ಯಾಡ, ಹಾಕು."

ಆ ಹೆಂಗಸು ಕುಳಿತು, ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತುಟಿಗೆ ಮಗಿ ಹಿಡಿದಳು. ಅಣ್ಣನ ಹಲ್ಲು ಕಚ್ಚಿಕೊಂಡಿದ್ದವು. ನೀರು ಕಟವಾಯಿಯಿಂದ ಇಳಿದು ಕೊರಳಿಗೆ, ಜನಿವಾರಕ್ಕೆ ಹೋಯಿತು, ಒಳಗೆ ಇಳಿಯಲಿಲ್ಲ. ಬಿಸಿಲಿಗೆ ಹಲ್ಲು ಕಚ್ಚಿದ್ದವೋ, ಅಜ್ಜನಿಗೆ ಕೊಟ್ಟ ಮಾತಿಗೆ ಕಚ್ಚಿದ್ದನೋ, ಯಾರು ಹೇಳಬೇಕು. ಬಿಸಿಲಿಗೇ ಎಂದು ನಾನು ನಂಬಿಕೊಂಡಿದ್ದೇನೆ. ಬೇರೆ ರೀತಿ ಯೋಚಿಸಿದರೆ ಅಜ್ಜನನ್ನು ಕ್ಷಮಿಸಲಾಗುವುದಿಲ್ಲ. ಹೀಗೆ ಯೋಚಿಸಿಯೂ ನಾನು ಕ್ಷಮಿಸಿಲ್ಲ, ಅದು ಬೇರೆ ಮಾತು. ಆ ಹೆಂಗಸು ಉಳಿದ ನೀರನ್ನು ಅವನ ನೆತ್ತಿಗೆ ತಟ್ಟಿ, ಸೆರಗಿನಿಂದ ಗಾಳಿ ಹಾಕುತ್ತ "ಕಣ್ಣ ತೆಗಿ ನನ್ನಪ್ಪಾ, ಕಣ್ಣ ತೆಗಿ" ಎನ್ನುತ್ತಿದ್ದಳು.

ಅಪ್ಪ ಬಂದದ್ದು ಆಗ. ಯಾರಿಗೂ ತಾಗದಂತೆ ಜನರನ್ನು ಬಳಸಿಕೊಂಡು, ತುಂಬಿದ ತಂಬಿಗೆಯನ್ನು ಎದೆಯ ಎತ್ತರಕ್ಕೆ ಹಿಡಿದು ಬಂದರು. ಒದ್ದೆ ಧೋತರ ಕಾಲಿಗೆ ಅಂಟಿತ್ತು. ಜುಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಹೆಂಗಸು ತಾಗಿದ್ದರಿಂದ ಅವರೂ ಮೈಲಿಗೆಯಾಗಿದ್ದರಲ್ಲ. ಸ್ನಾನ ಮಾಡದೆ ಮಡಿಯ ನೀರು ಸೇದುವಂತಿರಲಿಲ್ಲ.

ಅವ್ವ ನೆಲದಿಂದಲೇ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸ್ನಾನಾ ಮಾಡಿ ಬಂದ್ರೇನ್ರಿ?" ಎಂದು ಕೇಳಿದಳು.

ಅಷ್ಟೇ ಕೇಳಿದ್ದು. ಅತ್ತು ಕರೆದು ಬೈದಿದ್ದರೆ ಅಪ್ಪ ಹೇಗೋ ತಡೆದುಕೊಳ್ಳುತ್ತಿದ್ದರೇನೋ. ಅವರು ತಂಬಿಗೆ ಹಿಡಿದುಕೊಂಡೇ ಇದ್ದರು. ಅಣ್ಣನನ್ನು ಟಾಂಗಾದಲ್ಲಿ ದವಾಖಾನೆಗೆ ಒಯ್ಯುವಾಗಲೂ ಅದು ಅವರ ಕೈಯಲ್ಲೇ ಇತ್ತು, ಟಾಂಗಾದ ಕುಲುಕಾಟಕ್ಕೆ ನೀರು ತುಳುಕಿ ನನ್ನ ಪಾದದ ಮೇಲೆ ಬಿತ್ತು. ದೀಪ ಹಚ್ಚುವ ಹೊತ್ತಿಗಿಂತ ಮೊದಲೇ ಅಣ್ಣ ಹೋಗಿಬಿಟ್ಟ. ಒಮ್ಮೆಯೂ ಕಣ್ಣು ತೆರೆಯಲಿಲ್ಲ.

ಮಾನ್ವಿಯಲ್ಲಿ ಅಜ್ಜ ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಸುಡುವ ಮೊದಲು ಒಂದು ಮಾತು ಎತ್ತಿದರು. ಯಾರದೋ ನೀರು ಹುಡುಗನ ತುಟಿಗೆ ಬಿದ್ದಿದೆ, ಅದಕ್ಕೊಂದು ಪ್ರಾಯಶ್ಚಿತ್ತ ಆಗಬೇಕು ಎಂದರು. ಅಪ್ಪ ಹುಟ್ಟಿದಾಗಿನಿಂದ ಅಜ್ಜನ ಎದುರು ದನಿಯೆತ್ತಿದವರಲ್ಲ. ಅವತ್ತೂ ಎತ್ತಲಿಲ್ಲ, ಮೆಲ್ಲಗೇ ಹೇಳಿದರು.

"ಆ ನೀರಿಗೆ ಪ್ರಾಯಶ್ಚಿತ್ತ ಬ್ಯಾಡ. ನಾ ಮಾಡಿದ ಸ್ನಾನಕ್ಕ ಏನರ ಇದ್ರ ಹೇಳ್ರಿ."

ಪ್ರಾಯಶ್ಚಿತ್ತವಿಲ್ಲದೆಯೇ ಅಜ್ಜ ಮುಂದಿನ ಕೆಲಸಕ್ಕೆ ಎದ್ದರು.

ಪಂದ್ಯದ ಕಪ್ಪು ನಮ್ಮ ಶಾಲೆಗೇ ಬಂತು. ಮುಂದಿನವನು ಬಿದ್ದರೂ ತಾಳ ತಪ್ಪಲಿಲ್ಲವೆಂದು ಕೊಟ್ಟರಂತೆ. ಅವ್ವ ಹಗ್ಗ ದಾಟಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಡ್‌ಮಾಸ್ತರು ಅದನ್ನು ಕಪಾಟಿನ ಮೇಲಿಟ್ಟರು, ಅಪ್ಪ ನಿವೃತ್ತರಾಗುವವರೆಗೆ ಅದರ ಎದುರೇ ದಿನಾ ಓಡಾಡಿದರು. ಡ್ರಿಲ್ ಮಾಸ್ತರು ಮುಂದಿನ ವರ್ಷ ಕೆಲಸ ಬಿಟ್ಟು ಹೋದರು. ಆ ಹೆಂಗಸನ್ನು ಹುಡುಕಲು ಅವ್ವ ಅಪ್ಪನನ್ನು ಒಮ್ಮೆ ಹತ್ತಿಯ ಗಿರಣಿಗೆ ಕಳಿಸಿದ್ದಳು. ಹಂಗಾಮು ಮುಗಿದು ಆಳುಗಳೆಲ್ಲ ಊರಿಗೆ ಹೋಗಿದ್ದರು, ಸಿಗಲಿಲ್ಲ.

ಬ್ಯಾಂಡು ನಿಲ್ಲಲಿಲ್ಲ, ಅದು ಯಾಕೆ ನಿಲ್ಲುತ್ತದೆ. ಪ್ರತಿವರ್ಷ ಹುಡುಗರು ರಾಯಚೂರಿಗೆ ಹೊರಡುವ ಬೆಳಿಗ್ಗೆ ಅಪ್ಪ ಬಸ್ಸಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಯಾರೂ ನಿಲ್ಲಿ ಎಂದಿರಲಿಲ್ಲ. ಮಗನನ್ನು ಹತ್ತಿಸಲು ಬಂದ ಒಬ್ಬೊಬ್ಬ ತಂದೆಯನ್ನೂ ತಾಯಿಯನ್ನೂ ತಡೆದು ಒಂದೇ ಮಾತು ಹೇಳುತ್ತಿದ್ದರು: "ಯಾರ್ ಕೊಟ್ರೂ ಕುಡೀ ಅಂತ ನಿಮ್ಮ ಬಾಯಿಲೇ ಹೇಳ್ರಿ. ನಾ ಹೇಳಿದ್ರ ಅವು ಕೇಳೂದಿಲ್ಲ, ನೀವ ಹೇಳ್ರಿ." ಕೆಲವರು ತಲೆಯಾಡಿಸಿ ಹೇಳುತ್ತಿದ್ದರು. ಪಾಪ, ಮಗ ಹೋದ ಮೇಲೆ ಮಾಸ್ತರಿಗೆ ಹೀಗಾಗಿದೆ ಎಂದು ಕೆಲವರು ಸರಿದುಹೋಗುತ್ತಿದ್ದರು.

ಒಂದು ವರ್ಷ ನಾನೂ ಅವರ ಜೊತೆ ಹೋಗಿದ್ದೆ. ನಮ್ಮ ಓಣಿಯವರೇ ಒಬ್ಬರು, ಹೊಸದಾಗಿ ಮುಂಜಿವೆಯಾದ ಮಗನ ಕೈ ಹಿಡಿದು ಬಂದಿದ್ದರು. ಅಪ್ಪನ ಮಾತು ಕೇಳಿ ಅವರ ಮುಖ ಸಣ್ಣದಾಯಿತು.

"ಅಲ್ರೀ ಮಾಸ್ತರ, ಹಂಗ ಕಂಡವರ ಕೈಯಾಂದು ಕುಡದ್ರ ಮೈಲಿಗಿ ಆಗೂದಿಲ್ಲೇನ್ರಿ?"

"ಆಗ್ತದ" ಎಂದರು ಅಪ್ಪ. "ಮನಿಗೆ ಬಂದ ಮ್ಯಾಲೆ ಸ್ನಾನಾ ಮಾಡಸ್ರಿ. ಮೊದಲ ಮನಿಗೆ ಬರಲಿ."